ನಮ್ಮ ಕೂಟಗಳಲ್ಲಿ ಮಾತು ಹೆಚ್ಚಾಯಿತೆ?

ಕಳೆದ ತಿಂಗಳ ಎರಡನೆಯ ಶನಿವಾರ ರಾಮಕೃಷ್ಣಪುರದ ನಮ್ಮ ಕ್ವಾರ್ಟರ್ಸಿನಲ್ಲಿ ನಡೆದ 'ವಾಲಿವಧೆ' ತಾಳಮದ್ದಳೆಯ ವರದಿಯನ್ನು ಬರೆದುಕೊಡಬೇಕೆಂದು ಸಂಪಾದಕರು ಕೇಳಿದ್ದರು. ಇಪ್ಪತ್ತು ವರ್ಷಗಳಿಂದ ಸರ್ಕಾರಿ ಕಡತಗಳ ಮೇಲೆ ಟಿಪ್ಪಣಿ ಬರೆದು ರೂಢಿಯಾಗಿರುವ ನಮಗೆ ವರದಿ ಬರೆಯುವುದು ಕಷ್ಟವೇನಲ್ಲ. ಭಾಗವತರು ಸುಶ್ರಾವ್ಯವಾಗಿ ಹಾಡಿದರು, ಅರ್ಥಧಾರಿಗಳು ಮನೋಜ್ಞವಾಗಿ ಮಾತನಾಡಿದರು, ಸೇರಿದ್ದ ಸಭಿಕರು ಮಂತ್ರಮುಗ್ಧರಾದರು, ಲಘು ಉಪಾಹಾರದೊಂದಿಗೆ ಕಾರ್ಯಕ್ರಮ ಮುಕ್ತಾಯವಾಯಿತು - ಈ ನಾಲ್ಕು ವಾಕ್ಯಗಳಲ್ಲಿ ಕೆಲಸ ಮುಗಿಯುತ್ತಿತ್ತು. ಯಾರಿಗೂ ಬೇಸರವಾಗುತ್ತಿರಲಿಲ್ಲ.

ಆದರೆ ನಡೆದದ್ದು ಬೇರೆ. ಸಂಜೆ ಐದೂವರೆಗೆ ಇಪ್ಪತ್ತೆರಡು ಮಂದಿ ಬಂದು ಕುಳಿತಿದ್ದರು. ರಾತ್ರಿ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಮಂಗಳ ಹಾಡುವಾಗ ಉಳಿದಿದ್ದವರು, ಹಿಮ್ಮೇಳ ಮುಮ್ಮೇಳವೆಲ್ಲ ಸೇರಿ, ಒಂಬತ್ತು ಮಂದಿ. ಆ ಒಂಬತ್ತರಲ್ಲಿ ಒಬ್ಬರು ತೂಕಡಿಸುತ್ತಿದ್ದರು. ಅವರು ಮದ್ದಳೆಗಾರರು. ಆದುದರಿಂದ ಈ ಸಲ ವರದಿಗೆ ಬದಲಾಗಿ ವಿಮರ್ಶೆಯನ್ನು ಬರೆಯುವುದೇ ಪ್ರಾಮಾಣಿಕವೆಂದು ನಮಗೆ ತೋರಿದೆ. ವಿಮರ್ಶೆಗೆ ಒಳಗಾಗಬೇಕಾದವರಲ್ಲಿ ನಾವೇ ಮೊದಲಿಗರು ಎಂಬುದನ್ನು ಓದುಗರು ಮುಂದೆ ನೋಡುವರು.

ತಾಳಮದ್ದಳೆಯ ಪರಿಚಯವಿಲ್ಲದ ಮೈಸೂರು, ಧಾರವಾಡ, ಕಲಬುರ್ಗಿ ಕಡೆಯ ಓದುಗರಿಗಾಗಿ ಎರಡು ಮಾತು. ಯಕ್ಷಗಾನದಿಂದ ವೇಷವನ್ನೂ ಕುಣಿತವನ್ನೂ ಕಳೆದರೆ ಉಳಿಯುವುದು ತಾಳಮದ್ದಳೆ. ಕಲಾವಿದರು ಪಂಚೆ ಅಂಗಿಯಲ್ಲಿಯೇ ಚಾಪೆಯ ಮೇಲೆ ಕುಳಿತುಕೊಳ್ಳುತ್ತಾರೆ. ನಡುವೆ ಭಾಗವತರು, ಅವರ ಬದಿಯಲ್ಲಿ ಮದ್ದಳೆ, ಚೆಂಡೆ. ಭಾಗವತರು ಪ್ರಸಂಗ ಪುಸ್ತಕದ ಪದ್ಯವೊಂದನ್ನು ಹಾಡುತ್ತಾರೆ. ಆ ಪದ್ಯ ಯಾವ ಪಾತ್ರದ್ದೋ ಆ ಪಾತ್ರವನ್ನು ವಹಿಸಿದ ಅರ್ಥಧಾರಿ ಅದನ್ನು ಮಾತಿನಲ್ಲಿ ಬೆಳೆಸುತ್ತಾನೆ. ಎದುರಿನ ಪಾತ್ರದವನು ಅದಕ್ಕೆ ಉತ್ತರ ಕೊಡುತ್ತಾನೆ. ಪದ್ಯ ಮಾತ್ರ ಪುಸ್ತಕದಲ್ಲಿದೆ. ಮಾತು ಯಾವ ಪುಸ್ತಕದಲ್ಲಿಯೂ ಇಲ್ಲ. ಅದು ಆ ಕ್ಷಣಕ್ಕೆ ಹುಟ್ಟಬೇಕು. ಕಥೆ ಎಲ್ಲರಿಗೂ ಗೊತ್ತು, ವಾಲಿ ಸಾಯುತ್ತಾನೆಂದೂ ಗೊತ್ತು; ಆದರೆ ಸಾಯುವ ಮುನ್ನ ಇವತ್ತಿನ ವಾಲಿ ಏನು ಕೇಳುತ್ತಾನೆ, ಇವತ್ತಿನ ರಾಮ ಏನು ಹೇಳುತ್ತಾನೆ ಎಂಬುದು ಅವರಿಬ್ಬರಿಗೂ ಮೊದಲು ಗೊತ್ತಿರುವುದಿಲ್ಲ. ಈ ಕಲೆಯ ರುಚಿಯೆಲ್ಲ ಅಲ್ಲಿದೆ.

ಇದು ಕರಾವಳಿಗೆ ಮಾತ್ರ ಸೇರಿದ ವಸ್ತುವೆಂದು ತಿಳಿಯಬೇಕಾಗಿಲ್ಲ. ಬಳ್ಳಾರಿ ಸೀಮೆಯ ಕುರುಗೋಡಿನ ಕಡೆ ದೊರೆತ 1556ರ ಶಾಸನವೊಂದರಲ್ಲಿ ತಾಳಮದ್ದಳೆಯವರಿಗೆ ಭೂಮಿ ಬಿಟ್ಟ ಉಲ್ಲೇಖವಿದೆ. ಕಾಲಾಂತರದಲ್ಲಿ ಅದು ಗಟ್ಟಿಯಾಗಿ ಉಳಿದದ್ದು ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ, ಮಲೆನಾಡು ಮತ್ತು ಕಾಸರಗೋಡುಗಳಲ್ಲಿ. ನಾವು ಇಂದಿಗೂ ಹಾಡುವ ರಾಮಾಯಣದ ಪ್ರಸಂಗಗಳಿಗೆ ಕಾರಣನಾದ ಪಾರ್ತಿಸುಬ್ಬ ಕಾಸರಗೋಡಿನ ಕುಂಬಳೆಯವನು. ಪತ್ತನಾಜೆಗೆ, ಅಂದರೆ ಮೇ ತಿಂಗಳ ಕೊನೆಗೆ, ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲದ ಉದ್ದನೆಯ ರಾತ್ರಿಗಳಲ್ಲಿ ಮನೆಯ ಚಾವಡಿಗಳಲ್ಲಿಯೂ ದೇವಸ್ಥಾನಗಳಲ್ಲಿಯೂ ಕೂಟಗಳು ನಡೆಯುತ್ತವೆ. ಮಳೆಯ ಸದ್ದಿಗೆ ಹೊರಗೆ ಹೋಗುವಂತಿಲ್ಲ, ಗದ್ದೆಯ ಕೆಲಸ ಮುಗಿದಿದೆ. ಕುಳಿತು ಮಾತನಾಡುವುದಕ್ಕೆ ಅದಕ್ಕಿಂತ ಒಳ್ಳೆಯ ಕಾಲ ಬೇರೆ ಯಾವುದು?

ದೆಹಲಿಯಲ್ಲಿ ಆ ಮಳೆಯೂ ಇಲ್ಲ, ಚಾವಡಿಯೂ ಇಲ್ಲ. ಆದರೂ ಎಂಟು ವರ್ಷಗಳಿಂದ ಎರಡು ತಿಂಗಳಿಗೊಮ್ಮೆ ನಮ್ಮ ಮನೆಯಲ್ಲಿ ಈ ಕೂಟ ನಡೆಯುತ್ತ ಬಂದಿದೆ. ಸೋಫಾವನ್ನು ಬಾಲ್ಕನಿಗೆ ಸಾಗಿಸಿದರೆ ಇಪ್ಪತ್ತೈದು ಮಂದಿಗೆ ಜಾಗವಾಗುತ್ತದೆ. ಕೂಲರು ಹಾಕಿದರೆ ಭಾಗವತರಿಗೆ ಶ್ರುತಿ ಕೇಳುವುದಿಲ್ಲ. ಆರಿಸಿದರೆ ಸಭಿಕರು ಬೆವರುತ್ತಾರೆ. ಪದ್ಯಕ್ಕೆ ಆರಿಸಿ ಅರ್ಥಕ್ಕೆ ಹಾಕುವುದೆಂದು ನಮ್ಮ ಮನೆಯಾಕೆ ಒಂದು ಒಪ್ಪಂದ ಮಾಡಿದ್ದಾಳೆ. ಚೆಂಡೆಯನ್ನು ಮೊದಲನೆಯ ವರ್ಷವೇ ಕೈಬಿಟ್ಟೆವು. ಒಮ್ಮೆ ಕೌರವ ಭೀಮರ ಸಂವಾದ ಜೋರಾದಾಗ ಕೆಳಗಿನ ಮನೆಯ ಪಂಜಾಬಿ ಅಜ್ಜಿ ಮೇಲೆ ಬಂದು, "ಝಗಡಾ ಹೋ ರಹಾ ಹೈ ಕ್ಯಾ?" ಎಂದು ಗಾಬರಿಯಿಂದ ವಿಚಾರಿಸಿದರು. ಮಹಾಭಾರತವೆಂದು ತಿಳಿದ ಮೇಲೆ ಅರ್ಧ ಗಂಟೆ ಕುಳಿತು ಕೇಳಿ, ಅವಲಕ್ಕಿ ತಿಂದು ಹೋದರು. ಕೂಟ ನಡೆಸುವವನ ಕೆಲಸ ಇಂಥದ್ದೇ: ಚಾಪೆ ಹಾಸುವುದು, ಪಾತ್ರ ಹಂಚುವುದು, ಫೋನು ಮಾಡಿ ನೆನಪಿಸುವುದು, ಯಾರಿಗೂ ಮುನಿಸು ಬಾರದಂತೆ ನೋಡಿಕೊಳ್ಳುವುದು. ನಾವು ಈ ಕೆಲಸಗಳನ್ನೆಲ್ಲ ಮಾಡಿದೆವು. ಮಾಡದೆ ಬಿಟ್ಟ ಕೆಲಸವೊಂದಿದೆ, ಅದನ್ನೀಗ ಹೇಳಬೇಕಾಗಿದೆ.

ಅಂದಿನ ಪಾತ್ರಹಂಚಿಕೆ ಹೀಗಿತ್ತು. ವಾಲಿ, ನೋಯ್ಡಾದಿಂದ ಬರುವ ನಿವೃತ್ತ ಬ್ಯಾಂಕ್ ಅಧಿಕಾರಿಗಳು. ಸುಗ್ರೀವ, ಗುರುಗ್ರಾಮದ ಕಂಪನಿಯೊಂದರಲ್ಲಿರುವ ತರುಣರು. ರಾಮ, ನಾವು. ತಾರೆಯ ಪಾತ್ರ ಯಾವಾಗಲೂ ಕುಂದಾಪುರ ಕಡೆಯ ನಿವೃತ್ತ ಮೇಷ್ಟ್ರೊಬ್ಬರದು. ಅವರಿಗೆ ಜ್ವರ ಬಂದು ಬರಲಾಗಲಿಲ್ಲ. ತಾರೆಯಿಲ್ಲದೆಯೇ ಮುಂದುವರಿಸೋಣವೆಂದು ನಾವು ಹೇಳಿದೆವು. ಆಗ ಭಾಗವತರು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹುಡುಗಿಯೊಬ್ಬಳನ್ನು ಕರೆದು, "ನೀನು ಕಥೆ ಬಲ್ಲೆಯಲ್ಲ, ಕುಳಿತುಕೋ ಮಗಾ" ಎಂದರು. ನಮ್ಮ ಪಕ್ಕದ ಬ್ಲಾಕಿನವಳು, ಹನ್ನೊಂದನೆಯ ತರಗತಿ. ತಂದೆ ಉಡುಪಿಯ ಕಡೆಯವರು. ಹುಟ್ಟಿ ಬೆಳೆದದ್ದೆಲ್ಲ ದೆಹಲಿಯಲ್ಲಿ. ತಾಯಿಯೊಡನೆ ಬಂದು ಮೂರು ವರ್ಷಗಳಿಂದ ಕೂಟಗಳನ್ನು ಕೇಳುತ್ತಿದ್ದಾಳೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಹಿಂದಿ, ಪುಸ್ತಕದಲ್ಲಿ ಇಂಗ್ಲಿಷು. ಕನ್ನಡವೆಂದರೆ ಕೇಳಿದ್ದು ಮಾತ್ರ.

ಸಭೆಯಲ್ಲಿದ್ದ ಹಿರಿಯರೊಬ್ಬರು ಆಕ್ಷೇಪಿಸಿದರು. ಕನ್ನಡ ಸರಿಯಾಗಿ ಬಾರದವರನ್ನು ಕೂರಿಸಿದರೆ ಅದು ಕಲೆಗೆ ಅಗೌರವ, ತಾಳಮದ್ದಳೆ ಮಕ್ಕಳಾಟವಲ್ಲ ಎಂಬುದು ಅವರ ವಾದ. ನಿಜ ಹೇಳಬೇಕೆಂದರೆ ನಮ್ಮ ಮನಸ್ಸಿನಲ್ಲಿಯೂ ಅದೇ ಇತ್ತು. ಹೊರಗೆ ಹೇಳಲಿಲ್ಲ, ಅಷ್ಟೆ. ಆದರೆ ಕೂಟದಲ್ಲಿ ಭಾಗವತರ ಮಾತೇ ಕೊನೆ. ಹುಡುಗಿ ಕುಳಿತಳು.

ಪ್ರಸಂಗ ಆರಂಭವಾಯಿತು. ಸುಗ್ರೀವನ ಪೀಠಿಕೆ ಇಪ್ಪತ್ತೈದು ನಿಮಿಷ, ನಮ್ಮದು ಮೂವತ್ತು, ವಾಲಿಯದು ಮೂವತ್ತೈದು. ಪೀಠಿಕೆಯೆಂದರೆ ಪಾತ್ರ ತನ್ನ ಹಿನ್ನೆಲೆಯನ್ನೂ ಸದ್ಯದ ಸ್ಥಿತಿಯನ್ನೂ ಹೇಳಿಕೊಳ್ಳುವ ಮೊದಲ ಮಾತು. ಅದು ಮನೆಯ ಮೆಟ್ಟಿಲಿದ್ದಂತೆ. ಒಳಗೆ ಹೋಗುವುದಕ್ಕಾಗಿ ಇರುವಂಥದು. ನಾವು ಮೂವರೂ ಒಂದೂವರೆ ಗಂಟೆ ಮೆಟ್ಟಿಲ ಮೇಲೆಯೇ ಕುಳಿತೆವು. ಅಷ್ಟರಲ್ಲಿ ಮಯೂರ ವಿಹಾರದ ಎರಡು ಕುಟುಂಬಗಳು ಎದ್ದು ಹೋದವು.

ಆಮೇಲೆ ತಾರೆಯ ಪದ್ಯ ಬಂತು. ಸುಗ್ರೀವ ಎರಡನೆಯ ಬಾರಿ ಯುದ್ಧಕ್ಕೆ ಕರೆಯುತ್ತಿದ್ದಾನೆ. ಹೊರಟು ನಿಂತ ವಾಲಿಯನ್ನು ತಾರೆ ತಡೆಯುತ್ತಾಳೆ. ಹುಡುಗಿ ಪೀಠಿಕೆ ಗೀಠಿಕೆ ಒಂದನ್ನೂ ಹೇಳಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೀಗೆ ಕೇಳಿದಳು: "ಸ್ವಾಮಿ, ಅವನು ಈಗಷ್ಟೇ ನಿಮ್ಮಿಂದ ಪೆಟ್ಟು ತಿಂದು ಓಡಿಹೋದವನು. ಗಾಯ ಕೂಡ ಆರಿಲ್ಲ. ಅಷ್ಟರಲ್ಲಿಯೇ ತಿರುಗಿ ಬಂದು ಕೂಗುತ್ತಿದ್ದಾನೆ. ಒಬ್ಬನೇ ಬಂದಿದ್ದಾನೆಂದು ನಿಮಗೆ ಅನ್ನಿಸುತ್ತದೆಯೆ?"

ಅಷ್ಟೇ ಮಾತು. ನಡುವೆ ಎರಡು ಕಡೆ ತಡವರಿಸಿದಳು, ಒಂದು ವಿಭಕ್ತಿ ತಪ್ಪಿತು. ಅದನ್ನು ನಾವಿಲ್ಲಿ ತಿದ್ದಿ ಬರೆದಿದ್ದೇವೆ. ಆದರೆ ವಾಲಿ ಕೂಡಲೇ ಉತ್ತರ ಕೊಡಲಿಲ್ಲ. ಅವರು ಸಿದ್ಧಪಡಿಸಿಕೊಂಡು ಬಂದಿದ್ದ ಮಾತು ಬೇರೆ ಇತ್ತು: ಸ್ತ್ರೀಯರ ಬುದ್ಧಿಯನ್ನು ಕುರಿತ ಒಂದು ದೀರ್ಘ ಉಪನ್ಯಾಸ. ಆ ಪ್ರಶ್ನೆಗೆ ಅದು ಹೊಂದುವಂತಿರಲಿಲ್ಲ. ಎಲ್ಲರೂ ಅವರ ಮುಖವನ್ನೇ ನೋಡತೊಡಗಿದರು. ಕೊನೆಗೆ ಅವರು ಹೇಳಿದರು: "ಇದ್ದಾರೆ ತಾರೆ, ಅವನ ಬೆನ್ನಿಗೆ ರಾಮನಿದ್ದಾನೆಂದು ಕೇಳಿದ್ದೇನೆ. ಆದರೆ ರಾಮ ಧರ್ಮ ಬಲ್ಲವನು. ನನ್ನ ಮೇಲೆ ಅವನಿಗೆ ಹಗೆಯಿಲ್ಲ. ಅವನು ಅನ್ಯಾಯ ಮಾಡುವವನಲ್ಲ."

ಸಭೆ ಎಚ್ಚೆತ್ತಿತು. ಇದು ನಮ್ಮವರ ಸ್ವಂತ ಕಲ್ಪನೆಯಲ್ಲ. ವಾಲ್ಮೀಕಿಯ ಕಿಷ್ಕಿಂಧಾಕಾಂಡದಲ್ಲಿಯೂ ತಾರೆಯ ಎಚ್ಚರಿಕೆ ಇದೇ, ವಾಲಿಯ ಸಮಾಧಾನವೂ ಇದೇ. ಆದರೆ ಎಂಟು ವರ್ಷಗಳಲ್ಲಿ ನಾಲ್ಕು ಬಾರಿ ಈ ಪ್ರಸಂಗ ಮಾಡಿದರೂ ನಮ್ಮ ಕೂಟದಲ್ಲಿ ಈ ಎರಡು ಮಾತುಗಳು ಒಂದಕ್ಕೊಂದು ತಾಗಿದ್ದು ಅದೇ ಮೊದಲು. ಕೊಲ್ಲಲು ನಿಂತವನ ಧರ್ಮವನ್ನು ಕೊಲೆಯಾಗುವವನೇ ಎತ್ತಿಹಿಡಿದ. ಪ್ರಸಂಗದ ದುಃಖವೆಲ್ಲ ಆ ಒಂದು ನಂಬಿಕೆಯಲ್ಲಿದೆ.

ಬಾಣ ತಗುಲಿತು. ವಾಲಿ ಈಗ ರಾಮನನ್ನು ಪ್ರಶ್ನಿಸಬೇಕು. ಬ್ಯಾಂಕಿನ ಹಿರಿಯರು ಆ ದಿನ ತಮ್ಮ ಹಳೆಯ ಮಾತುಗಳನ್ನೆಲ್ಲ ಪಕ್ಕಕ್ಕಿಟ್ಟು ಒಂದೇ ಪ್ರಶ್ನೆ ಕೇಳಿದರು. "ರಾಘವ, ನೀನಿದ್ದೀಯೆಂದು ನನ್ನ ಹೆಂಡತಿ ಎಚ್ಚರಿಸಿದ್ದಳು. ನೀನು ಧರ್ಮವಂತನೆಂದು ಹೇಳಿ ಅವಳ ಕೈ ಬಿಡಿಸಿಕೊಂಡು ಬಂದೆ. ನಿನ್ನನ್ನು ನಂಬಿದ್ದಕ್ಕೆ ಸತ್ತೆ. ಈಗ ಅವಳಿಗೆ ನಾನು ಏನು ಹೇಳಲಿ?"

ಇದಕ್ಕೆ ರಾಮ, ಅಂದರೆ ನಾವು, ಐವತ್ತೈದು ನಿಮಿಷ ಉತ್ತರ ಕೊಟ್ಟೆವು. ತಮ್ಮನ ಹೆಂಡತಿಯಾದ ರುಮೆಯನ್ನು ಅಪಹರಿಸಿದ ದೋಷ, ಇಕ್ಷ್ವಾಕುಗಳಿಗೆ ಸೇರಿದ ಭೂಮಿಯಲ್ಲಿ ಭರತನ ಆಜ್ಞೆಯಿಂದ ದಂಡಿಸುವ ಅಧಿಕಾರ, ಮೃಗಗಳನ್ನು ಮರೆಯಲ್ಲಿ ನಿಂತು ಬೇಟೆಯಾಡುವುದು ಕ್ಷತ್ರಿಯರಿಗೆ ದೋಷವಲ್ಲವೆಂಬ ನ್ಯಾಯ - ಎಲ್ಲವನ್ನೂ ಶ್ಲೋಕಸಹಿತ ಹೇಳಿದೆವು. ಭಾಗವತರು ಎರಡು ಸಲ ಜಾಗಟೆಯನ್ನು ಮೆಲ್ಲಗೆ ತಟ್ಟಿದರು. ಸಾಕು, ಮುಂದಿನ ಪದ್ಯ ಎತ್ತುತ್ತೇನೆ ಎಂಬ ಸೂಚನೆ ಅದು. ನಾವು ಕೇಳಿಸಿಕೊಳ್ಳಲಿಲ್ಲ. ಮೆಟ್ರೋ ತಪ್ಪೀತೆಂದು ದ್ವಾರಕೆಯವರು ಎದ್ದರು, ಗಾಜಿಯಾಬಾದಿನವರು ಎದ್ದರು. ಮುಗಿಸಿದಾಗ ನಮಗೆ ಬಹಳ ತೃಪ್ತಿಯಾಗಿತ್ತು.

ಎಲ್ಲರೂ ಹೋದ ಮೇಲೆ ಚಾಪೆ ಸುತ್ತುತ್ತಿದ್ದ ಆ ಹುಡುಗಿ ಕೇಳಿದಳು: "ಅಂಕಲ್, ವಾಲಿ ತಾರೆಗೆ ಏನು ಹೇಳಬೇಕು ಅಂತ ಕೇಳಿದ್ರಲ್ಲ, ಅದಕ್ಕೆ ನೀವು ಉತ್ತರ ಹೇಳಲೇ ಇಲ್ಲ ಅಲ್ವಾ?"

ಹೇಳಿರಲಿಲ್ಲ. ಆ ಪ್ರಶ್ನೆ ನಮ್ಮ ಕಿವಿಯ ಮೇಲೆ ಬಿದ್ದಿತ್ತು, ಒಳಗೆ ಹೋಗಿರಲಿಲ್ಲ. ಕಾರಣವನ್ನೂ ಮುಚ್ಚಿಡುವುದಿಲ್ಲ. ಮೂರು ವಾರ ಆಫೀಸಿಗೆ ಬಸ್ಸಿನಲ್ಲಿ ಹೋಗಿ ಬರುವಾಗ ಹೆಸರಾಂತ ಅರ್ಥಧಾರಿಯೊಬ್ಬರ ಹಳೆಯ ಧ್ವನಿಮುದ್ರಣವನ್ನು ಕೇಳಿ ಕೇಳಿ ಬಾಯಿಪಾಠ ಮಾಡಿಕೊಂಡಿದ್ದೆವು. ಆ ಮಾತುಗಳು ಯಾವುದೋ ಊರಿನಲ್ಲಿ, ಯಾವುದೋ ವರ್ಷ, ಯಾವುದೋ ವಾಲಿ ಕೇಳಿದ ಪ್ರಶ್ನೆಗೆ ಕೊಟ್ಟ ಉತ್ತರಗಳು. ಅಲ್ಲಿ ಅವು ಜೀವಂತವಾಗಿದ್ದವು. ನಮ್ಮ ವಾಲಿ ಕೇಳಿದ್ದು ಬೇರೆ. ನಾವು ಎದುರಿಗೆ ಕುಳಿತವರಿಗೆ ಉತ್ತರ ಕೊಡದೆ, ಇಲ್ಲದ ಒಬ್ಬ ವಾಲಿಗೆ ಐವತ್ತೈದು ನಿಮಿಷ ಉತ್ತರ ಕೊಟ್ಟಿದ್ದೆವು.

ನಮ್ಮ ಅಭಿಪ್ರಾಯದಲ್ಲಿ ಊರಿನಿಂದ ದೂರವಿರುವ ಕೂಟಗಳಿಗೆ ಅಂಟಿರುವ ಮುಖ್ಯ ದೋಷ ಇದೇ. ಮಾತು ಉದ್ದವಾಯಿತೆಂಬುದು ಮೇಲುನೋಟದ ದೂರು. ತಾಳಮದ್ದಳೆ ಮಾತಿನ ಕಲೆ, ಅಲ್ಲಿ ಮಾತು ಬೇಡವೆಂದರೆ ಹೇಗೆ, ಅವಸರ ದೆಹಲಿಯ ರೋಗ, ಕಲೆಯ ದೋಷವಲ್ಲ ಎಂದು ಹಿರಿಯರು ಹೇಳುವುದರಲ್ಲಿ ಅರ್ಥವಿದೆ. ಶೇಣಿ ಗೋಪಾಲಕೃಷ್ಣ ಭಟ್ಟರು (1918-2006) ವಾಲಿಯಾಗಿಯೋ ರಾವಣನಾಗಿಯೋ ಕುಳಿತರೆ ತರ್ಕದ ಒಂದು ಎಳೆಯನ್ನು ಹಿಡಿದು ಬಹುದೂರ ಹೋಗುತ್ತಿದ್ದರು. ಜನ ಬೆಳಗಿನವರೆಗೆ ಕೇಳುತ್ತಿದ್ದರು. ದೇರಾಜೆ ಸೀತಾರಾಮಯ್ಯನವರು ಹೆಸರಾದದ್ದು ಮಿತವಾದ, ಭಾವಕ್ಕೆ ಒಲಿದ ಮಾತಿಗೆ. ಒಬ್ಬರದು ದೀರ್ಘ, ಒಬ್ಬರದು ಹ್ರಸ್ವ. ಎರಡನ್ನೂ ಜನ ಮೆಚ್ಚಿದರು. ಆದುದರಿಂದ ಉದ್ದಳತೆಯಿಂದ ತೀರ್ಮಾನವಾಗುವುದಿಲ್ಲ. ಧ್ವನಿಮುದ್ರಣಗಳನ್ನು ಗಮನವಿಟ್ಟು ಕೇಳಿದರೆ ತಿಳಿಯುವುದೇನೆಂದರೆ, ದೊಡ್ಡವರ ಮಾತಿನ ಮೊದಲ ವಾಕ್ಯ ಸಾಮಾನ್ಯವಾಗಿ ಎದುರಿನವರ ಕೊನೆಯ ವಾಕ್ಯದಿಂದಲೇ ಹುಟ್ಟುತ್ತದೆ. ನಾವು ಅವರಿಂದ ಮಾತನ್ನು ಕಲಿತೆವು. ಅವರು ಕಿವಿಗೊಟ್ಟು ಕುಳಿತದ್ದನ್ನು ಕಲಿಯಲಿಲ್ಲ. ಕಿವಿಗೊಟ್ಟದ್ದು ಧ್ವನಿಮುದ್ರಣದಲ್ಲಿ ಕೇಳಿಸುವುದಿಲ್ಲವಷ್ಟೆ.

ಬಿ.ಎಸ್ಸಿ. ಓದುವಾಗ ರಸಾಯನಶಾಸ್ತ್ರದ ಪ್ರಯೋಗಶಾಲೆಯಲ್ಲಿ ಟೈಟ್ರೇಷನ್ ಮಾಡಿಸುತ್ತಿದ್ದರು. ಕೆಳಗಿನ ಫ್ಲಾಸ್ಕಿನಲ್ಲಿ ಆಮ್ಲ, ಅದಕ್ಕೆರಡು ಹನಿ ಫಿನಾಲ್ಫ್‌ಥಲೀನ್. ಮೇಲಿನ ಬ್ಯೂರೆಟ್ಟಿನಿಂದ ಕ್ಷಾರವನ್ನು ಹನಿಹನಿಯಾಗಿ ಬಿಡಬೇಕು. ತೆಳುಗುಲಾಬಿ ಬಣ್ಣ ನಿಂತ ಕ್ಷಣವೇ ನಲ್ಲಿ ಕಟ್ಟಬೇಕು. ಇನ್ನೂ ನಾಲ್ಕು ಹನಿ ಬಿದ್ದರೆ ಬಣ್ಣವೇನೋ ಇನ್ನಷ್ಟು ಗಾಢವಾಗಿ ಚೆಂದ ಕಾಣುತ್ತದೆ. ಆದರೆ ರೀಡಿಂಗ್ ಕೆಲಸಕ್ಕೆ ಬಾರದು. ನಮ್ಮ ಅರ್ಥಗಾರಿಕೆಯ ಬಣ್ಣ ಆ ದಿನ ಬಹಳ ಗಾಢವಾಗಿತ್ತು. ಫ್ಲಾಸ್ಕನ್ನು ನೋಡದೆ ಬ್ಯೂರೆಟ್ಟನ್ನು ಮಾತ್ರ ನೋಡುತ್ತಿದ್ದ ವಿದ್ಯಾರ್ಥಿಗೆ ಮೇಷ್ಟ್ರು ಏನು ಹೇಳುತ್ತಿದ್ದರೆಂಬುದು ನಮಗಿನ್ನೂ ನೆನಪಿದೆ.

ಎರಡನೆಯ ದೋಷ ಗೆಲ್ಲುವ ಚಟ. ರಾಮನಾದವನು ವಾಲಿಯನ್ನು ಬಾಯಿಮುಚ್ಚಿಸಿದರೆ ಗೆದ್ದಂತೆ ಎಂದು ಭಾವಿಸುತ್ತಾನೆ. ಹಾಗೆ ಬಾಯಿಮುಚ್ಚಿಸುವುದು ಸಾಧ್ಯವಿದ್ದರೆ ಈ ಪ್ರಸಂಗ ಇಷ್ಟು ಕಾಲ ನಡೆಯುತ್ತಲೇ ಇರಲಿಲ್ಲ. ಮರೆಯಲ್ಲಿ ನಿಂತದ್ದೇಕೆಂಬ ಪ್ರಶ್ನೆ ಪ್ರತಿ ಮಳೆಗಾಲದಲ್ಲಿಯೂ ಮತ್ತೆ ಏಳುವುದರಿಂದಲೇ ಜನ ಮತ್ತೆ ಬಂದು ಕುಳಿತುಕೊಳ್ಳುತ್ತಾರೆ. ಪ್ರಶ್ನೆಯ ಭಾರವನ್ನು ರಾಮನೂ ಸ್ವಲ್ಪ ಹೊತ್ತಂತೆ ಕಂಡರೆ ಸಾಕು, ರಾಮನ ಘನತೆಗೆ ಕುಂದಾಗುವುದಿಲ್ಲ.

ಇನ್ನು ಭಾಷೆಯ ಮಾತು. ಕನ್ನಡ ಸರಿಯಾಗಿ ಬಾರದವರು ಅರ್ಥ ಹೇಳಬಾರದೆಂಬ ಆಕ್ಷೇಪವನ್ನು ನಾವು ತಳ್ಳಿಹಾಕುವುದಿಲ್ಲ. ಅರ್ಥಗಾರಿಕೆಯಲ್ಲಿ ಇಂಗ್ಲಿಷ್ ಪದವೊಂದು ನುಸುಳಿದರೂ ಸಭೆ ನಗುತ್ತದೆ. ಇಂದಿನ ಕಾಲದಲ್ಲಿ ನಾಲ್ಕು ಗಂಟೆ ಕಾಲ ಹೀಗೆ ಅಚ್ಚುಕಟ್ಟಾದ ಕನ್ನಡ ಕೇಳಸಿಗುವ ಜಾಗಗಳು ಬಹಳಿಲ್ಲ. ಅದನ್ನು ಕಾಪಾಡಲೇಬೇಕು. ಆದರೆ ಆ ಕನ್ನಡ ಯಾರ ಮನೆಮಾತು? ತಾಳಮದ್ದಳೆಯ ನಾಡಿನಲ್ಲಿ ಮನೆಯೊಳಗೆ ತುಳು ಆಡುವವರಿದ್ದಾರೆ, ಕೊಂಕಣಿ ಆಡುವವರಿದ್ದಾರೆ, ಹವ್ಯಕ ಕನ್ನಡ, ಕುಂದಾಪುರ ಕನ್ನಡ, ಮಲಯಾಳ, ಮರಾಠಿ ಆಡುವವರಿದ್ದಾರೆ. ವಾಲಿ ರಾಮರು ಆಡುವ ಗ್ರಾಂಥಿಕ ಕನ್ನಡವನ್ನು ಹೆಂಡತಿ ಮಕ್ಕಳೊಡನೆ ಆಡುವವರು ಒಬ್ಬರೂ ಇಲ್ಲ. ಅದನ್ನು ಎಲ್ಲರೂ ಚಾಪೆಯ ಮೇಲೆ ಕುಳಿತೇ ಕಲಿತದ್ದು.

ನಮ್ಮ ತಂದೆಯವರು ಪುತ್ತೂರು ತಾಲೂಕಿನ ಒಬ್ಬ ಸಣ್ಣ ಅಡಿಕೆ ಬೆಳೆಗಾರರು. ಐದನೆಯ ತರಗತಿಯವರೆಗಿನ ಓದು. ಮನೆಯಲ್ಲಿ, ತೋಟದಲ್ಲಿ, ಎತ್ತಿನೊಡನೆ, ದೇವರೊಡನೆ ಎಲ್ಲ ತುಳುವೇ. ಆದರೆ ಆಟಿ ತಿಂಗಳಲ್ಲಿ ಚಾವಡಿಯಲ್ಲಿ ಪೆಟ್ರೋಮ್ಯಾಕ್ಸ್ ಹಚ್ಚಿ ಭಾಗವತರ ಎದುರು ಕುಳಿತರೆ ಅವರ ಬಾಯಿಂದ ಬರುತ್ತಿದ್ದ ಕನ್ನಡವನ್ನು ಕೇಳಿ ನಾವು ಇವರು ನಮ್ಮ ಅಪ್ಪನೇ ಹೌದೋ ಎಂದು ಅಚ್ಚರಿಪಡುತ್ತಿದ್ದೆವು. ಒಂದು ದಿನದಲ್ಲಿ ಬಂದದ್ದಲ್ಲ. ಮೊದಲ ಕೆಲವು ವರ್ಷ ಅವರಿಗೆ ಸಿಕ್ಕಿದ್ದು ದೂತನ ಪಾತ್ರ. 'ಅಪ್ಪಣೆ ಒಡೆಯ' ಎಂಬಷ್ಟೇ ಮಾತು. ಆಮೇಲೆ ಸುಗ್ರೀವ, ಆಮೇಲೆ ವಿದುರ. ಅವರನ್ನು ಕನ್ನಡ ಕಲಿತು ಬಾ ಎಂದು ಯಾರೂ ಹಿಂದಕ್ಕೆ ಕಳುಹಿಸಲಿಲ್ಲ. ಹಾಗೆ ಕಳುಹಿಸಿದ್ದರೆ ಅವರು ತಿರುಗಿ ಬರುತ್ತಿರಲಿಲ್ಲ. ನಾವೂ ಇಂದು ಈ ಲೇಖನ ಬರೆಯುತ್ತಿರಲಿಲ್ಲ. ಮನೆಯಲ್ಲಿ ತುಳುವಾಡಿದ ಅವರಿಗೆ ಇದ್ದ ಅವಕಾಶ, ಶಾಲೆಯಲ್ಲಿ ಹಿಂದಿಯಾಡುವ ಹುಡುಗಿಗೆ ಏಕೆ ಇರಬಾರದು? ಊರಿನಲ್ಲಿ ಇಂದು ಮಹಿಳೆಯರದೇ ತಂಡಗಳು ಕಟ್ಟಿಕೊಂಡು ಕೂಟಗಳನ್ನು ನಡೆಸುತ್ತಿವೆ. ನಾವು ಮಾತ್ರ ಊರನ್ನು ಬಿಟ್ಟ ದಿನದ ಊರನ್ನೇ ಹಿಡಿದುಕೊಂಡು ಕುಳಿತಿದ್ದೇವೆ.

ಇದೇ ಸಂದರ್ಭದಲ್ಲಿ ಇನ್ನೊಂದು ಕೂಟದ ವಿಷಯ ಹೇಳಬೇಕು. ಎಂಟನೆಯ ತರಗತಿಯ ನಮ್ಮ ಮಗ ಅಪ್ಪನ ತಾಳಮದ್ದಳೆಗೆ ಬರುವವನಲ್ಲ. ಆದರೆ ಅವನೂ ಭಾನುವಾರಗಳಂದು ನಾಲ್ವರು ಸ್ನೇಹಿತರನ್ನು ಕರೆದು ಅದೇ ಕೋಣೆಯಲ್ಲಿ ಒಂದು ಆಟ ನಡೆಸುತ್ತಾನೆ. 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂದು ಅದರ ಹೆಸರು. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬವರು ಹೊರತಂದದ್ದು. ಒಬ್ಬ ಹುಡುಗ ಕಥೆ ನಡೆಸುವವನು. ಉಳಿದವರಲ್ಲಿ ಒಬ್ಬ ಯೋಧ, ಒಬ್ಬ ಮಾಂತ್ರಿಕ, ಒಬ್ಬ ಕಳ್ಳ. ಯಾರೂ ವೇಷ ಹಾಕುವುದಿಲ್ಲ, ಕುಣಿಯುವುದಿಲ್ಲ. ಕುಳಿತಲ್ಲಿಂದಲೇ ಪಾತ್ರವಾಗಿ ಮಾತನಾಡುತ್ತಾರೆ. ಸಂಕಟ ಬಂದಾಗ ಇಪ್ಪತ್ತು ಮುಖದ ದಾಳ ಉರುಳಿಸುತ್ತಾರೆ. ಇದೆಲ್ಲ ಸಮಯ ವ್ಯರ್ಥವೆಂದು ಗದರಿಸುತ್ತಿದ್ದ ನಾವು, ವಾಲಿವಧೆಯ ಮರುವಾರ ಅಡುಗೆಮನೆಯ ಬಾಗಿಲಲ್ಲಿ ನಿಂತು ಎರಡು ಗಂಟೆ ಕೇಳಿದೆವು.

ಮೆಚ್ಚಲಾಗದ್ದನ್ನು ಮೊದಲು ಹೇಳುತ್ತೇವೆ. ಒಬ್ಬ ಹುಡುಗ ಕಾವಲುಗಾರ ರಾಕ್ಷಸನ ಎದುರು ಬಹಳ ಚೆನ್ನಾಗಿ ಬೇಡಿಕೊಂಡ. ದಾಳದಲ್ಲಿ ನಾಲ್ಕು ಬಿದ್ದುದರಿಂದ ರಾಕ್ಷಸ ಒಪ್ಪಲಿಲ್ಲ. ಇನ್ನೊಬ್ಬ ಕಾಟಾಚಾರಕ್ಕೆ ಎರಡು ಮಾತು ಹೇಳಿದ. ಹದಿನೆಂಟು ಬಿತ್ತು, ಬಾಗಿಲು ತೆರೆಯಿತು. ಮಾತಿನ ಬೆಲೆಯನ್ನು ಮಾತೇ ನಿರ್ಧರಿಸಬೇಕು, ದಾಳವಲ್ಲ. ಪಗಡೆಯ ದಾಳವನ್ನು ನಂಬಿ ಧರ್ಮರಾಯ ಏನಾದನೆಂಬುದು ನಮ್ಮ ಕಡೆಯ ಮಕ್ಕಳಿಗೂ ಗೊತ್ತಿರಬೇಕಾದ ಸಂಗತಿ. ಆಡುವುದೆಲ್ಲ ಹಿಂದಿ ಇಂಗ್ಲಿಷಿನಲ್ಲಿ ಎಂಬ ಕೊರಗೂ ಇದೆ.

ಆದರೆ ನಾಚಿಕೆಪಡಬೇಕಾದ ವಿಷಯವೂ ಒಂದಿತ್ತು. ಕಥೆ ನಡೆಸುವ ಹುಡುಗ ಪ್ರತಿ ಸನ್ನಿವೇಶ ಹೇಳಿದ ಮೇಲೆ ಒಬ್ಬೊಬ್ಬರ ಕಡೆಗೂ ತಿರುಗಿ, ನೀನೀಗ ಏನು ಮಾಡುತ್ತೀ ಎಂದು ಕೇಳಿ, ಕಾಯುತ್ತಿದ್ದ. ಮಾತು ಕಡಿಮೆಯ ಹುಡುಗನೊಬ್ಬ ಅಲ್ಲಿದ್ದ. ಅವನಿಗಾಗಿ ಇನ್ನೂ ಸ್ವಲ್ಪ ಹೆಚ್ಚು ಕಾಯುತ್ತಿದ್ದ. ಯಾರಾದರೂ ಅತಿಯಾಗಿ ಮಾತನಾಡಿದರೆ, ಸರಿ, ಈಗ ಇವನ ಸರದಿ ಎಂದು ಮುಂದಕ್ಕೆ ಹೋಗುತ್ತಿದ್ದ, ಯಾರಿಗೂ ಮುನಿಸಿಲ್ಲ. ಎರಡು ಗಂಟೆಯಲ್ಲಿ ಐವರೂ ಮಾತನಾಡಿದರು, ಐವರೂ ಎಚ್ಚರವಾಗಿದ್ದರು. ಕೂಟ ನಡೆಸುವವರು ಮಾಡಬೇಕಾದ ಕೆಲಸ, ಎಂಟು ವರ್ಷಗಳಲ್ಲಿ ನಾವು ಮಾಡದೆ ಬಿಟ್ಟ ಕೆಲಸ, ಇದೇ. ಪ್ರತಿಯೊಬ್ಬರ ಸರದಿಯನ್ನು ಕಾಯುವುದು. ನಾವು ಕೂಟದ ಯಜಮಾನರೂ ಆಗಿ ಯಾವಾಗಲೂ ದೊಡ್ಡ ಪಾತ್ರವನ್ನೂ ಇಟ್ಟುಕೊಂಡೆವು. ಗಡಿಯಾರ ನೋಡಬೇಕಾದವನೇ ಗಡಿಯಾರ ಮರೆತರೆ ಭಾಗವತರ ಜಾಗಟೆ ತಾನೇ ಏನು ಮಾಡೀತು?

ಇಷ್ಟನ್ನು ಈಗಲೇ ಬರೆಯುವುದಕ್ಕೆ ಕಾರಣವಿದೆ. ಎಂಟು ವರ್ಷಗಳಿಂದ ಒಂದು ಕೂಟವನ್ನೂ ತಪ್ಪಿಸದೆ ಹಾಡಿದ ನಮ್ಮ ಭಾಗವತರು ದೀಪಾವಳಿ ಕಳೆದ ಮೇಲೆ ಮಗನ ಮನೆಗೆ, ಮಂಗಳೂರಿಗೆ, ಖಾಯಂ ಆಗಿ ಹೋಗಲಿದ್ದಾರೆ. ಅವರಿಗೆ ಎಪ್ಪತ್ತೊಂದು. ಅವರ ಜಾಗಟೆಯನ್ನು ಹಿಡಿಯುವವರು ದೆಹಲಿಯ ನಮ್ಮ ಗುಂಪಿನಲ್ಲಿ ಯಾರೂ ಇಲ್ಲ. ಎಲ್ಲರೂ ರಾಮನಾಗಲು, ಕೃಷ್ಣನಾಗಲು, ಕರ್ಣನಾಗಲು ಮುಂದೆ ಬಂದೆವೇ ಹೊರತು ನಾಲ್ಕು ಪದ್ಯ ಕಲಿಯುತ್ತೇನೆಂದು ಯಾರೂ ಅವರ ಬಳಿ ಕೂರಲಿಲ್ಲ. ಮಾತಿಗೆ ಬೀಳುವ ಕೈತಟ್ಟುವಿಕೆ ಪದ್ಯಕ್ಕೆ ಬೀಳುವುದಿಲ್ಲವೆಂಬುದು ಕಾರಣವಿರಬಹುದು. ಆದರೆ ಪದ್ಯ ಎತ್ತುವವರಿಲ್ಲದಿದ್ದರೆ ಉಳಿಯುವುದು ತಾಳವೂ ಅಲ್ಲ, ಮದ್ದಳೆಯೂ ಅಲ್ಲ; ಭಾಷಣ.

ಭಾಗವತರಲ್ಲಿ ಹೋಗಿ ನಮ್ಮ ತಪ್ಪನ್ನು ಹೇಳಿಕೊಂಡೆವು. ಅವರು ನಕ್ಕು, "ನೀವು ಉತ್ತರ ಹೇಳಲಿಲ್ಲ ಎಂದು ಕಂಡುಹಿಡಿದವಳನ್ನು ನನ್ನ ಹತ್ತಿರ ಕಳುಹಿಸಿ. ಕಿವಿ ಇದ್ದವರಿಗೆ ತಾಳ ಬರುತ್ತದೆ" ಎಂದರು. ಈಗ ಮಂಗಳವಾರ ಮತ್ತು ಗುರುವಾರ ಸಂಜೆ ಆ ಹುಡುಗಿಯೂ ಗುರುಗ್ರಾಮದ ಸುಗ್ರೀವರೂ ಅವರ ಮನೆಯಲ್ಲಿ ಏಕತಾಳ, ರೂಪಕ, ಅಷ್ಟತಾಳಗಳನ್ನು ಕೈಯಲ್ಲಿ ಹಾಕಿ ಕಲಿಯುತ್ತಿದ್ದಾರೆ. ದೀಪಾವಳಿಯೊಳಗೆ ಎಷ್ಟು ಬಂದೀತೋ ಹೇಳಲಾರೆವು. ಆಕ್ಷೇಪಿಸಿದ ಹಿರಿಯರು ಈ ವಿಷಯದಲ್ಲಿ ಇನ್ನೂ ಮೌನವಾಗಿದ್ದಾರೆ. ಅವರ ಮನೆಗೂ ಹೋಗಿ ಬರಬೇಕೆಂದಿದ್ದೇವೆ.

ಮುಂದಿನ ಕೂಟ 'ಕರ್ಣಭೇದನ'. ಕೃಷ್ಣ, ನೋಯ್ಡಾದ ಹಿರಿಯರು. ಕರ್ಣ, ಜ್ವರದಿಂದ ಚೇತರಿಸಿಕೊಂಡ ಕುಂದಾಪುರದ ಮೇಷ್ಟ್ರು. ಕುಂತಿ, ಆ ಹುಡುಗಿ. ಪೀಠಿಕೆ ಯಾರಿಗೂ ಹತ್ತು ನಿಮಿಷಕ್ಕೆ ಮೀರಿಲ್ಲ; ಒಂಬತ್ತು ಗಂಟೆಗೆ ಮಂಗಳ. ಮಕ್ಕಳಿಗೆ ದೂತನ ಪಾತ್ರಗಳು ಖಾಲಿ ಇವೆ. ಕನ್ನಡ ತಡವರಿಸಿದರೆ ಅಡ್ಡಿಯಿಲ್ಲ, ಅಪ್ಪಣೆ ಒಡೆಯ ಎಂದರೆ ಸಾಕು. ನಮಗೆ ಈ ಸಲ ಪಾತ್ರವಿಲ್ಲ. ಚಾಪೆ ಹಾಸುವುದು, ಪದ್ಯಕ್ಕೆ ಕೂಲರು ಆರಿಸುವುದು, ಅರ್ಥಕ್ಕೆ ಹಾಕುವುದು, ಉಳಿದ ಹೊತ್ತು ಕೇಳುವುದು. ಓದುಗರು ಕುಟುಂಬಸಮೇತರಾಗಿ ಬಂದು, ಮಂಗಳದವರೆಗೂ ಕುಳಿತಿದ್ದು, ಬೇಸರವಾದರೆ ಕಾರಣವನ್ನು ನಮಗೆ ಹೇಳಿ ಹೋಗಬೇಕೆಂದು ಪ್ರಾರ್ಥನೆ.